ಅಟ್ಟದಲ್ಲಿ ಸಿಕ್ಕಿದ ಸ್ಟಾರ್ ವಾರ್ಸ್ ಗೊಂಬೆ: ಮೊದಲ ಸಾಲಿನದ್ದೋ, ಆಮೇಲಿನದ್ದೋ?

ಪ್ರಶ್ನೆ (ಬದಿಯಡ್ಕ): ಮಾವ ಗಲ್ಫಿನಲ್ಲಿದ್ದಾಗ ತಂದ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿವೆ. ನಾಯಕ ಲ್ಯೂಕ್, ಅವನ ಗೆಳೆಯ ಹಾನ್ ಸೋಲೊ, ಕುಳ್ಳ ಜಾವಾ, ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್ ಒಂದು. ಕಾಲಿನ ಹಿಂಬದಿ 1977 ಅಂತ ಇದೆ. ಹಾಗಾದರೆ ಮೊದಲ ವರ್ಷದ ಮಾಲೇ ಅಲ್ವಾ? ಜಾವಾನ ಮೈಮೇಲೆ ಪ್ಲಾಸ್ಟಿಕ್ ಕೇಪ್ (ಹೆಗಲಿನಿಂದ ಇಳಿಯುವ ಮೇಲಂಗಿ) ಇದೆ. ಅದಕ್ಕೆ ತುಂಬಾ ಬೆಲೆ ಅಂತಾರೆ, ಹೌದಾ ಸರ್?

ಉತ್ತರ: ಆ ಇಸವಿ ನಂಬಿ ಬೆಲೆ ಕಟ್ಟಬೇಡಿ. ಅದು ವಿನ್ಯಾಸದ ಹಕ್ಕಿನ ವರ್ಷ, ಗೊಂಬೆ ತಯಾರಾದ ವರ್ಷ ಅಲ್ಲ. ಅಮೆರಿಕದ ಕೆನ್ನರ್ ಕಂಪೆನಿ 1978ರಲ್ಲಿ ಮೊದಲ 12 ಗೊಂಬೆಗಳನ್ನು ಅಂಗಡಿಗೆ ಬಿಟ್ಟಿತು. ಅವುಗಳಲ್ಲಿ ಹಲವನ್ನು 1983ರ ನಂತರವೂ ಮಾರುತ್ತಿದ್ದರು, ಕಾಲಿನ ಮೇಲೆ ಮಾತ್ರ ಅದೇ 1977. ಇಸವಿಯ ಪಕ್ಕದ ಅಕ್ಷರ ಓದಿ. ಜಿ.ಎಂ.ಎಫ್.ಜಿ.ಐ. (ಕೆನ್ನರ್‌ನ ಒಡೆತನದ ಜನರಲ್ ಮಿಲ್ಸ್ ಗುಂಪು) ಅಂತಿದ್ದರೆ ಮೊದಲ ಸಾಲಿನ ವಿನ್ಯಾಸ, ಎಲ್.ಎಫ್.ಎಲ್. (ಸಿನಿಮಾ ಮಾಡಿದ ಲ್ಯೂಕಾಸ್‌ಫಿಲ್ಮ್) ಇದ್ದರೆ ಸಾಮಾನ್ಯವಾಗಿ 1980ರಿಂದ ಈಚಿನದು. ಆಮೇಲೆ ದೇಶದ ಹೆಸರು: ಹಾಂಗ್‌ಕಾಂಗ್, ತೈವಾನ್, ಚೀನಾ, ಮಕಾವ್, ಮೆಕ್ಸಿಕೊ. ಕೆಲವದರಲ್ಲಿ ದೇಶದ ಹೆಸರೇ ಇರುವುದಿಲ್ಲ, ಇನ್ನು ಕೆಲವದರಲ್ಲಿ ಆ ಜಾಗ ಉಬ್ಬಿದ ಪಟ್ಟಿಯಾಗಿರುತ್ತದೆ. ಸಂಗ್ರಾಹಕರು ಬೇರೆ ಬೇರೆ ಅಚ್ಚು ಅನ್ನುವುದು ಇವನ್ನೇ. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಕಾಲಿಗೆ ಓರೆಯಾಗಿ ಹಿಡಿದು ಭೂತಕನ್ನಡಿಯಲ್ಲಿ ನೋಡಿ. ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ.

ಲ್ಯೂಕ್‌ನ ಕೂದಲು ಹಳದಿಯೋ ಕಂದೋ ನೋಡಿ. ಕಂದು ಆಮೇಲೆ ಬಂದದ್ದು. ಹಾನ್ ಸೋಲೊನಲ್ಲಿ ಸಣ್ಣ ತಲೆ, ದೊಡ್ಡ ತಲೆ ಅಂತ ಎರಡುಂಟು. ಒಂದೇ ಗೊಂಬೆ ಕೈಲಿದ್ದರೆ ಗೊತ್ತಾಗುವುದು ಕಷ್ಟ, ಫೋಟೊಗಳ ಜೊತೆ ಹೋಲಿಸಲೇಬೇಕು. ಲ್ಯೂಕ್‌ನ ತೋಳಿನೊಳಗಿನ ಲೈಟ್‌ಸೇಬರ್ (ಬೆಳಕಿನ ಕತ್ತಿ) ಎಳೆದಾಗ ಅದರ ಒಳಗಿನಿಂದ ಇನ್ನೊಂದು ಸಪೂರ ಕಡ್ಡಿ ಹೊರಬಂದರೆ ಅದು ಆರಂಭದ್ದು, ಅಪರೂಪ. ಬಾರದಿದ್ದರೆ ಒತ್ತಾಯ ಮಾಡಬೇಡಿ, ತುದಿ ಮುರಿದೀತು.

ಇನ್ನು ಜಾವಾ. ಮೊದಲು ವಿನೈಲ್ ಅನ್ನುವ ಮೆದು ಪ್ಲಾಸ್ಟಿಕ್ಕಿನ ಕೇಪ್, ಬೇಗನೇ ಬದಲಾಗಿ ಟೊಪ್ಪಿ ಇರುವ ಬಟ್ಟೆಯ ನಿಲುವಂಗಿ. ಮೋಸ ಹೆಚ್ಚು ನಡೆಯುವುದು ಇಲ್ಲೇ. ಅದೇ ಸಾಲಿನ ಇನ್ನೊಂದು ಗೊಂಬೆ ಬೆನ್ ಕೆನೋಬಿಯ ದೊಡ್ಡ ಕೇಪನ್ನು ಕತ್ತರಿಸಿ ಜಾವಾಗೆ ತೊಡಿಸಿಬಿಡುತ್ತಾರೆ, ಹೊಸದಾಗಿ ಮಾಡಿದ ನಕಲೂ ಇದೆ. ಕೆಳ ಅಂಚು ಮತ್ತು ಕೈತೂತುಗಳ ಅಂಚನ್ನು ಭೂತಕನ್ನಡಿಯಲ್ಲಿ ನೋಡಿ: ಕತ್ತರಿ ಓಡಿದ ಕಡೆ ಸಣ್ಣ ಸಣ್ಣ ಮೂಲೆಗಳು ಕಾಣುತ್ತವೆ. ಅಂಚು ನಯವಾಗಿದ್ದ ಮಾತ್ರಕ್ಕೆ ಅಸಲಿ ಅನ್ನಲಿಕ್ಕೂ ಆಗದು. ಅಂಗಡಿಯ ಪ್ಯಾಕಿನ ಕಾರ್ಡಿನಿಂದ ಬಿಚ್ಚಿದ ಗೊಂಬೆಯ ಕೇಪನ್ನು ಬರೇ ಫೋಟೊ ನೋಡಿ ಖಾತ್ರಿ ಮಾಡುವವರನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ (ಬದಿಯಡ್ಕ): ಬಂದೂಕುಗಳು ಬೇರೆಯೇ ಒಂದು ತೊಟ್ಟೆಯಲ್ಲಿವೆ. ನೀರಿಗೆ ಹಾಕಿ ಪರೀಕ್ಷೆ ಮಾಡಬಹುದಂತೆ?

ಉತ್ತರ: ಮಾಡಬಹುದು. ಲೋಟದ ನೀರಿನಲ್ಲಿ ಪೂರ್ತಿ ಮುಳುಗಿಸಿ, ಗಾಳಿಗುಳ್ಳೆ ಒರೆಸಿ ಬಿಡಿ. ಅಸಲಿ ಹೆಚ್ಚಾಗಿ ತೇಲುತ್ತದೆ, ನಕಲಿ ಹೆಚ್ಚಾಗಿ ಮುಳುಗುತ್ತದೆ.

ಇನ್ನೊಬ್ಬರು (ಮಂಜೇಶ್ವರ): ಆ "ಹೆಚ್ಚಾಗಿ" ಅನ್ನುವುದನ್ನು ಗಟ್ಟಿ ಹಿಡಿದುಕೊಳ್ಳಿ ಮಾರಾಯ್ರೆ. ಮುಳುಗುವ ಅಸಲಿಯೂ ಉಂಟು, ತೇಲುವ ನಕಲಿಯೂ ಉಂಟು. ತೇಲಿದ ಮೇಲೂ ಗೆರೆಗಳ ಚೂಪು ನೋಡಬೇಕು. ಅಸಲಿಯಿಂದಲೇ ಅಚ್ಚು ತೆಗೆದ ನಕಲಿನಲ್ಲಿ ಗೆರೆ ಮೊಂಡಾಗಿರುತ್ತದೆ, ಅಳತೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ.

ಪ್ರಶ್ನೆ (ಬದಿಯಡ್ಕ): ಸ್ಟಾರ್ಮ್‌ಟ್ರೂಪರ್ ಹಳದಿಯಾಗಿದೆ. ಇನ್ನೊಂದರ ಕಾಲು ಅಂಟಂಟು. ಇವೂ ಬೇರೆ ಅಚ್ಚಾ?

ಉತ್ತರ: ಅಲ್ಲ, ಎರಡೂ ಪ್ಲಾಸ್ಟಿಕ್ಕಿಗೆ ವಯಸ್ಸಾದ ಲಕ್ಷಣ. ಹಳದಿಗೆ ಬೆಳಕು, ಸೆಕೆ ಕಾರಣ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿ ಮಾಡಬಹುದು, ಆದರೆ ಅದು ಮತ್ತೆ ಹಳದಿಯಾಗುತ್ತದೆ. ಬಿಳಿ ಮಾಡಿದ್ದನ್ನು ಹೇಳದೆ ಮಾರಿದರೆ ಜಗಳವೂ ಆಗುತ್ತದೆ. ಅಂಟು ಬರುವುದು ಮೆದು ಪ್ಲಾಸ್ಟಿಕ್ಕಿಗೆ ಸೇರಿಸಿದ ಎಣ್ಣೆಯಂಥ ದ್ರವ ಹೊರಗೆ ಬಂದಾಗ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆದು ಬ್ರಶ್, ಅಷ್ಟೇ. ನೆನೆ ಹಾಕಬೇಡಿ: ಹೊಟ್ಟೆಯೊಳಗೆ ನೀರು ನಿಂತರೆ ನಮ್ಮ ಆಟಿ ತಿಂಗಳ ಮಳೆಗೆ ಒಣಗುವುದಿಲ್ಲ. ನೈಲ್‌ಪಾಲಿಶ್ ರಿಮೂವರ್, ಥಿನ್ನರ್ ಹತ್ತಿರವೂ ತರಬೇಡಿ. ಆರ್2-ಡಿ2 ಅನ್ನುವ ಪುಟ್ಟ ರೋಬೊಟ್ ಇದ್ದರೆ ಅದರ ಮೈಗೆ ಸುತ್ತಿರುವುದು ಕಾಗದದ ಸ್ಟಿಕ್ಕರ್, ಒಣ ಬಟ್ಟೆಯೇ ಸಾಕು. ಇನ್ನೊಂದು ರೋಬೊಟ್ ಸಿ-3ಪಿಒದ ಚಿನ್ನದ ಬಣ್ಣದ ಲೇಪವನ್ನು ಉಜ್ಜಿದರೆ ಹೋಯಿತು.

ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇದ್ದರೆ ಇವತ್ತೇ ತೆಗೆದುಬಿಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆದು ಮಾಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿಟ್ಟು, ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿ, ಹಂಚಿನ ಅಡಿಯ ಅಟ್ಟದಿಂದ ಕೆಳಗಿಳಿಸಿ ಕಪಾಟಿನಲ್ಲಿಡಿ. ಕಾಲಿನ ಹಿಂಬದಿಯ ಫೋಟೊಗಳನ್ನು ಇಲ್ಲಿ ಹಾಕಿದರೆ ಒಂದೊಂದೇ ನೋಡಿ ಹೇಳಬಹುದು. ಜಾವಾನದ್ದು ಮಾತ್ರ ಕೇಪ್ ಬಿಚ್ಚಿ, ಅದರ ಅಂಚು ಹತ್ತಿರದಿಂದ ಕಾಣುವ ಹಾಗೆ ತೆಗೆಯಿರಿ.