ಬಲಗಾಲು ಕಳೆದುಕೊಂಡ ಮೇಲೆ ಪಿಟೀಲು ಪಕ್ಕವಾದ್ಯವನ್ನು ವೃತ್ತಿಯಾಗಿ ಮುಂದುವರಿಸುವುದು ಹೇಗೆ?

ಪ್ರಶ್ನೆ: ಪಿಟೀಲು ಕಲಾವಿದೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೀಗ 26 ವರ್ಷ. ಹದಿನೈದು ವರ್ಷಗಳಿಂದ ಕರ್ನಾಟಕ ಶಾಸ್ತ್ರೀಯ ಪದ್ಧತಿಯಲ್ಲಿ ಪಿಟೀಲು ಅಭ್ಯಾಸ ಮಾಡಿದ್ದೇನೆ. ವಿದ್ವತ್ ಪರೀಕ್ಷೆ ಮುಗಿದಿದ್ದು, ಸುತ್ತಮುತ್ತಲಿನ ಊರುಗಳ ಗಾಯಕರಿಂದ ಪಕ್ಕವಾದ್ಯಕ್ಕೆ ಕರೆಗಳು ಬರತೊಡಗಿದ್ದವು. ಕಳೆದ ವರ್ಷ ನಡೆದ ರಸ್ತೆ ಅಪಘಾತದಲ್ಲಿ ನನ್ನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು.

ಕೈಗಳಿಗೆ ಏನೂ ಆಗಿಲ್ಲವಲ್ಲ, ಸಂಗೀತಕ್ಕೆ ತೊಂದರೆಯಿಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಆದರೆ ನಮ್ಮ ಪದ್ಧತಿಯಲ್ಲಿ ಪಿಟೀಲಿನ ಒಂದು ತುದಿ ಎಡಭುಜದ ಬಳಿ ಎದೆಗೆ ಆನಿಕೊಂಡರೆ, ಸುರುಳಿಯಿರುವ ಇನ್ನೊಂದು ತುದಿ ಬಲಪಾದದ ಗಿಣ್ಣಿನ ಮೇಲೆ ನಿಲ್ಲುತ್ತದೆ. ಆ ಆಸರೆ ಇದ್ದುದರಿಂದಲೇ ನನ್ನ ಎಡಗೈ ವಾದ್ಯವನ್ನು ಹಿಡಿದುಕೊಳ್ಳುವ ಹೊಣೆಯಿಲ್ಲದೆ ಸ್ವರವನ್ನು ಅಲುಗಿಸುವ ಗಮಕ, ಸ್ವರದಿಂದ ಸ್ವರಕ್ಕೆ ಸರಿಯುವ ಜಾರುಗಳಿಗೆ ಸ್ವತಂತ್ರವಾಗಿ ಓಡಾಡುತ್ತಿತ್ತು. ಈಗ ದಿಂಬನ್ನೋ ಪುಸ್ತಕಗಳನ್ನೋ ಜೋಡಿಸಿ ಅದರ ಮೇಲೆ ಸುರುಳಿಯನ್ನು ಇಟ್ಟರೆ, ತಾರಸ್ಥಾಯಿಯಿಂದ ಕೆಳಕ್ಕೆ ಜಾರುವಾಗ ವಾದ್ಯವೇ ಸರಿದುಹೋಗಿ ಶ್ರುತಿ ತಪ್ಪುತ್ತದೆ. ಕೃತಕ ಕಾಲು ಇನ್ನೂ ಹಾಕಿಸಿಕೊಂಡಿಲ್ಲ.

ಇನ್ನೊಂದು ನೋವೂ ಇದೆ. ಅಪಘಾತದ ನಂತರ ಕಛೇರಿಯ ಕರೆಗಳು ನಿಂತುಹೋದವು. ಈಚೆಗೆ ಬಂದ ಎರಡು ಆಹ್ವಾನಗಳೂ ವಿಶೇಷಚೇತನರ ದಿನಾಚರಣೆಯವು. ಶಾಲು ಹೊದಿಸಿ, ಹಾರ ಹಾಕಿ, ಹತ್ತು ನಿಮಿಷ ನುಡಿಸಲು ಹೇಳಿದರು. ಅವರ ಪ್ರೀತಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡೂವರೆ ಗಂಟೆಯ ಕಛೇರಿಯಲ್ಲಿ ಗಾಯಕರ ಆಲಾಪನೆಯನ್ನು ಹಿಂಬಾಲಿಸುವ ಪಕ್ಕವಾದ್ಯಗಾರ್ತಿಯಾಗಿ ಬದುಕಬೇಕೆಂಬುದು ನನ್ನ ಆಸೆ. ನೆಲದ ಮೇಲೆ ಕೂತು ನುಡಿಸುವುದನ್ನು ಬಿಟ್ಟು ಕುರ್ಚಿಗೆ ಹೋಗಬೇಕೇ? ವ್ಯವಸ್ಥಾಪಕರಿಗೆ ಕಾಲಿನ ವಿಷಯ ಮೊದಲೇ ಹೇಳಬೇಕೇ, ಹೇಳಬಾರದೇ? ಸಂಪಾದನೆಗೆ ಯಾವ ದಾರಿಗಳನ್ನು ನೆಚ್ಚಿಕೊಳ್ಳಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪಿಟೀಲು ಶಿಕ್ಷಕಿ, ಮೈಸೂರು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ಪಾಠ ಹೇಳಿದ ನನಗೂ ಬಲಪಾದ ವಾದ್ಯದ ಒಂದು ಅಂಗ ಎಂಬುದನ್ನು ನೀವು ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಟ್ಟಿರಿ.

ಮೊದಲು ಮನಸ್ಸಿನ ಭಾರವೊಂದನ್ನು ಇಳಿಸಿಕೊಳ್ಳಿ. ನಾವು ಕೂರುವ ಭಂಗಿ ಶಾಸ್ತ್ರಗ್ರಂಥದಿಂದ ಬಂದದ್ದಲ್ಲ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಗದ್ದಕ್ಕೆ ಒತ್ತಿಹಿಡಿದು ನುಡಿಸುತ್ತಿದ್ದ ವಾದ್ಯವನ್ನು ನಮ್ಮವರು ನೆಲದ ಮೇಲೆ ಕೂತು ಕಾಲಿನ ಮೇಲೆ ನಿಲ್ಲಿಸಿಕೊಂಡದ್ದು ಗಮಕದ ಅನುಕೂಲಕ್ಕಾಗಿ. ಗಮಕ ಉಳಿಯುವುದಾದರೆ ಆಸರೆ ಕಾಲಿನದಾಗಿರಲಿ, ಮರದ್ದಾಗಿರಲಿ, ಸಂಪ್ರದಾಯಕ್ಕೆ ಕೊರತೆಯಿಲ್ಲ. ಮೈಸೂರಿನ ಪಿಟೀಲು ವಿದ್ವಾಂಸರಾದ ನಮ್ಮ ಚೌಡಯ್ಯನವರೇ ಧ್ವನಿವರ್ಧಕಗಳು ಎಲ್ಲೆಡೆ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾರ್ಪಡಿಸಿಕೊಂಡರು. ಅಗತ್ಯ ಬಿದ್ದಾಗ ವಾದ್ಯವನ್ನು ಬದಲಿಸಿಕೊಳ್ಳುವುದು ಮೈಸೂರಿನ ಪರಂಪರೆಯಲ್ಲೇ ಇದೆ.

ನನ್ನ ಸಲಹೆ ಹೀಗಿದೆ. ಅಪಘಾತಕ್ಕೆ ಮೊದಲಿನ ನಿಮ್ಮ ಕಛೇರಿಯ ವೀಡಿಯೊ ಇದ್ದರೆ ಪಕ್ಕದಿಂದ ತೆಗೆದ ಒಂದು ದೃಶ್ಯವನ್ನು ನಿಲ್ಲಿಸಿ ನೋಡಿ. ಪಿಟೀಲಿನ ಉದ್ದ ಸುಮಾರು 60 ಸೆಂಟಿಮೀಟರ್ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಸುರುಳಿ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ನಿಮ್ಮ ಸೊಂಟದಿಂದ ಎಷ್ಟು ಮುಂದಿತ್ತು ಎಂದು ಲೆಕ್ಕ ಹಾಕಿ. ಅದೇ ಎತ್ತರಕ್ಕೆ ಬಡಗಿಯಿಂದ ಒಂದು ಆಸರೆ ಮಾಡಿಸಿ. ತಳ ಅಗಲವೂ ಭಾರವೂ ಆಗಿರಲಿ, ಕೆಳಗೆ ರಬ್ಬರ್ ಹಾಳೆ ಅಂಟಿಸಿರಲಿ, ಮೇಲ್ಭಾಗದಲ್ಲಿ ಸುರುಳಿ ಕೂರುವಷ್ಟು ತಗ್ಗು ತೋಡಿರಲಿ. ದಿಂಬು ಮತ್ತು ಪುಸ್ತಕಗಳು ಸೋಲುವುದು ಆ ತಗ್ಗು ಇಲ್ಲದಿರುವುದರಿಂದಲೇ.

ಮರದ ಆಸರೆಗೆ ಸ್ಪರ್ಶವಿಲ್ಲ ಎಂಬುದು ನಿಜವಾದ ಕೊರತೆ. ಸುರುಳಿ ಕೂದಲೆಳೆಯಷ್ಟು ಸರಿದರೂ ಪಾದ ನಮಗೆ ಹೇಳುತ್ತಿತ್ತು. ಇನ್ನು ಮುಂದೆ ಆ ಕೆಲಸವನ್ನು ಎದೆಯ ಬಳಿಯ ಸ್ಪರ್ಶವೇ ಮಾಡಬೇಕು. ಅದಕ್ಕೆ ಕೆಲವು ವಾರಗಳು ಹಿಡಿಯಬಹುದು. ವಿದ್ವತ್ ಆದವರೆಂಬ ಸಂಕೋಚ ಬೇಡ, ಸ್ವರಗಳನ್ನು ಜೋಡಿಯಾಗಿ ನುಡಿಸುವ ಆರಂಭದ ಪಾಠವಾದ ಜಂಟಿವರಸೆಯಿಂದಲೇ ಪ್ರಾರಂಭಿಸಿ. ನಿಧಾನ ಕಾಲದಲ್ಲಿ ಉದ್ದ ಜಾರುಗಳು ನಿಂತ ಮೇಲೆ ವರ್ಣಗಳನ್ನು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ ನುಡಿಸಿ ನೋಡಿ.

ಕುರ್ಚಿಯನ್ನೂ ತಳ್ಳಿಹಾಕಬೇಡಿ. ಪಾಶ್ಚಾತ್ಯ ಪಿಟೀಲು ವಾದಕ ಇಟ್ಜಾಕ್ ಪರ್ಲ್‌ಮನ್ ನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾದವರು. ಏಕವಾದಕರೆಲ್ಲ ನಿಂತು ನುಡಿಸುವ ಪಾಶ್ಚಾತ್ಯ ವೇದಿಕೆಯಲ್ಲಿ ಅವರು ಕೂತೇ ನುಡಿಸುತ್ತ ಜಗತ್ತಿನ ಶ್ರೇಷ್ಠ ವಾದಕರ ಸಾಲಿಗೆ ಬಂದರು. ಆದರೆ ಅವರ ಹಿಡಿತ ಗದ್ದ ಮತ್ತು ಭುಜದ್ದು, ನಮ್ಮ ಗಮಕಕ್ಕೆ ಅದನ್ನು ಹಾಗೆಯೇ ತರಲಾಗದು. ನೀವು ಕುರ್ಚಿಯಲ್ಲಿ ಕೂತಾಗಲೂ ಸುರುಳಿಗೆ ಮೊಣಕಾಲಿನ ಮೇಲೋ ಎತ್ತರದ ಆಸರೆಯ ಮೇಲೋ ನೆಲೆ ಬೇಕು. ಎರಡೂ ಭಂಗಿಗಳನ್ನು ರೂಢಿಸಿಕೊಂಡಿದ್ದರೆ ಒಳ್ಳೆಯದು, ಏಕೆಂದರೆ ಧ್ವನಿಮುದ್ರಣದ ಸ್ಟುಡಿಯೋಗಳಲ್ಲಿ ಪಿಟೀಲಿನವರು ಕುರ್ಚಿಯಲ್ಲಿ ಕೂರುವುದೇ ವಾಡಿಕೆ.

ಉತ್ತರ: ತಬಲಾ ವಾದಕ, ಗದಗ ಜಿಲ್ಲೆ

ತಂಗೀ, ನನಗೆ ಮೂರನೆಯ ವರ್ಷದಲ್ಲಿ ಪೋಲಿಯೊ ಆಗಿ ಎಡಗಾಲು ಸೋತಿತು. ಈಗ ವಯಸ್ಸು 58. ತಬಲಾ ನುಡಿಸಿಯೇ ಇಬ್ಬರು ಮಕ್ಕಳನ್ನು ಓದಿಸಿದ್ದೇನೆ. ಪಿಟೀಲಿನ ಹಿಡಿತದ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ, ಬದುಕಿನ ಬಗ್ಗೆ ಹೇಳುತ್ತೇನೆ.

ಕಾಲಿನ ವಿಷಯವನ್ನು ಮೊದಲೇ ಹೇಳಿ. ಪ್ರಾರಂಭದಲ್ಲಿ ನಾನು ಹೇಳುತ್ತಿರಲಿಲ್ಲ. ಹೇಳಿದರೆ ಬೇರೆಯವರನ್ನು ಕರೆಯುತ್ತಾರೆಂಬ ಅಂಜಿಕೆ. ಒಂದು ಊರಿನ ಜಾತ್ರೆಯಲ್ಲಿ ಆಳೆತ್ತರದ ವೇದಿಕೆಗೆ ಕಿರಿದಾದ ಏಣಿಯೊಂದೇ ಇತ್ತು. ಸಾವಿರ ಜನರ ಎದುರು ಇಬ್ಬರು ನನ್ನನ್ನು ಎತ್ತಿ ಮೇಲೆ ಕೂರಿಸಿದರು. ಆ ಅವಮಾನ ಮನಸ್ಸಿನಿಂದ ಇಳಿಯುವ ಹೊತ್ತಿಗೆ ಅರ್ಧ ಕಾರ್ಯಕ್ರಮ ಮುಗಿದಿತ್ತು, ನನ್ನ ಕೈ ಅಂದು ಮಾತಾಡಲೇ ಇಲ್ಲ. ಅಂದಿನಿಂದ ಕರೆ ಬಂದ ಕೂಡಲೇ ಮೂರು ಮಾತು ಹೇಳಿಬಿಡುತ್ತೇನೆ: ವೇದಿಕೆಗೆ ಹಿಡಿಕೆಯಿರುವ ಮೆಟ್ಟಿಲು ಬೇಕು, ಜನ ಸೇರುವ ಮೊದಲೇ ನಾನು ಮೇಲೆ ಕೂತಿರುತ್ತೇನೆ, ವಾಹನ ವೇದಿಕೆಯ ಹಿಂಭಾಗದವರೆಗೆ ಬರಬೇಕು. ಕಷ್ಟವನ್ನು ಹೇಳಿಕೊಂಡರೆ ವ್ಯವಸ್ಥಾಪಕರಿಗೆ ಏನು ಮಾಡಬೇಕೆಂದು ತಿಳಿಯದೆ ಹಿಂಜರಿಯುತ್ತಾರೆ. ಬೇಕಾದದ್ದನ್ನು ಹೇಳಿದರೆ ಬಹುಪಾಲು ಜನ ಮಾಡಿಕೊಡುತ್ತಾರೆ.

ನಮ್ಮ ಭಾಗದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳನ್ನು ನೆನೆಯದೆ ಈ ಮಾತು ಮುಂದುವರಿಯದು. ಇಬ್ಬರಿಗೂ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನ ಮತ್ತು ಸಂಗೀತವನ್ನು ಒಟ್ಟಿಗೆ ಕೊಟ್ಟರು. ಅಲ್ಲಿ ಕಲಿತವರನ್ನು ಇಂದಿಗೂ ಊರೂರಿನ ಪುರಾಣ ಪ್ರವಚನಗಳಲ್ಲಿ, ಶಾಲೆಗಳಲ್ಲಿ, ಕಛೇರಿಗಳಲ್ಲಿ ಕಾಣಬಹುದು. ನಾನು ಗಮನಿಸಿದ್ದು ಇಷ್ಟು: ಅಂಧರೆಂಬ ಕಾರಣಕ್ಕೆ ಅಲ್ಲಿ ಪಾಠವನ್ನು ಹಗುರ ಮಾಡಲಿಲ್ಲ. ಪುಟ್ಟರಾಜ ಗವಾಯಿಗಳು ಸ್ವತಃ ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸುತ್ತಿದ್ದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ಅದು ಕನಿಕರಕ್ಕೆ ಬಂತೆಂದು ಯಾರೂ ಹೇಳಲಿಲ್ಲ.

ಶಾಲು ಹೊದಿಸುವ ಕಾರ್ಯಕ್ರಮಗಳಿಗೆ ಹೋಗಬೇಡಿ ಎನ್ನುವುದಿಲ್ಲ. ಹತ್ತು ನಿಮಿಷ ಎಂದರೆ ನಲವತ್ತು ನಿಮಿಷ ಕೇಳಿ, ಮೃದಂಗದವರನ್ನು ಕರೆಸಲು ಹೇಳಿ, ಸಂಭಾವನೆಯನ್ನೂ ಮಾತಾಡಿ. ಒಪ್ಪಿದರೆ ಅದೂ ಕಛೇರಿಯೇ.

ಉತ್ತರ: ಕೃತಕ ಅಂಗ ಜೋಡಣೆಯ ತಂತ್ರಜ್ಞ, ಹುಬ್ಬಳ್ಳಿ

ಕೃತಕ ಕಾಲು ಇನ್ನೂ ಹಾಕಿಸಿಲ್ಲ ಎಂದಿರುವುದರಿಂದ ಈ ಮಾತು ನಿಮಗೆ ಉಪಯೋಗವಾಗಬಹುದು. ಜೈಪುರ ಕಾಲು ಹುಟ್ಟಿದ್ದೇ ನಮ್ಮ ದೇಶದ ಕೂರುವ ರೀತಿಗಾಗಿ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದರು. ವಿದೇಶಿ ಮಾದರಿಯ ಗಡುಸಾದ ಪಾದಗಳಲ್ಲಿ ಕುಕ್ಕರಗಾಲಿನಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಬರಿಗಾಲಿನಲ್ಲಿ ನಡೆಯಲು ಆಗುತ್ತಿರಲಿಲ್ಲ. ರಬ್ಬರಿನ ಈ ಪಾದ ಎಲ್ಲ ದಿಕ್ಕಿಗೂ ಬಾಗುತ್ತದೆ. ನಿಮ್ಮ ಮೊಣಕಾಲು ಉಳಿದಿರುವುದರಿಂದ ಅಭ್ಯಾಸವಾದ ಮೇಲೆ ಕಾಲು ಮಡಿಸಿ ಕೂರುವುದು ಸಾಧ್ಯ.

ಅಳತೆ ಕೊಡಲು ಹೋಗುವಾಗ ಪಿಟೀಲನ್ನು ತೆಗೆದುಕೊಂಡು ಹೋಗಿ, ಕೂತು ತೋರಿಸಿ. ನಡಿಗೆಯನ್ನಷ್ಟೇ ನೋಡಿ ತಯಾರಿಸಿದರೆ ತೊಟ್ಟಿಲಿನ (ಉಳಿದ ಕಾಲು ಒಳಗೆ ಕೂರುವ, ಕೃತಕ ಕಾಲಿನ ಮೇಲ್ಭಾಗದ ಸಾಕೆಟ್) ಹಿಂಬದಿಯ ಅಂಚು ಎತ್ತರವಾಗಿ, ಮೊಣಕಾಲು ಮಡಿಸಿದಾಗ ಹಿಂಭಾಗಕ್ಕೆ ಒತ್ತುತ್ತದೆ. ಎರಡು ಗಂಟೆ ಹಾಗೆ ಕೂತರೆ ಗಾಯವಾಗುವುದು ಖಂಡಿತ. ಉಳಿದ ಕಾಲಿನ ಗಾತ್ರ ಮೊದಲ ವರ್ಷ ಕುಗ್ಗುತ್ತಾ ಹೋಗುವುದರಿಂದ ತೊಟ್ಟಿಲನ್ನು ಬದಲಿಸಬೇಕಾಗುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ವೇದಿಕೆಗೆ ನಡೆದುಹೋಗಲು ಕೃತಕ ಕಾಲು, ನುಡಿಸುವಾಗ ಅದನ್ನು ಬಿಚ್ಚಿಟ್ಟು ಮೈಸೂರಿನವರು ಹೇಳಿದ ಮರದ ಆಸರೆ ಎಂಬ ಏರ್ಪಾಡೇ ನಿಮ್ಮ ಚರ್ಮಕ್ಕೂ ಸಂಗೀತಕ್ಕೂ ಹಿತ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿಯನ್ನು (ಯುಡಿಐಡಿ) ಮಾಡಿಸಿಕೊಳ್ಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿಯಿದೆ. ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಅಧ್ಯಾಪನದ ಕಡೆಗೆ ಹೋಗುವ ಯೋಚನೆಯಿದ್ದರೆ ಇವೆರಡೂ ಉಪಯೋಗಕ್ಕೆ ಬರುತ್ತವೆ.

ಉತ್ತರ: ಪಿಟೀಲು ಶಿಕ್ಷಕಿ, ಮೈಸೂರು

ಸಂಪಾದನೆಯ ಪ್ರಶ್ನೆಗೆ ನಾನು ಉತ್ತರಿಸಿರಲಿಲ್ಲ. ಪಕ್ಕವಾದ್ಯವೊಂದನ್ನೇ ನೆಚ್ಚಿ ಬದುಕುವುದು ಎರಡು ಕಾಲಿರುವವರಿಗೂ ಮೊದಲ ಹತ್ತು ವರ್ಷ ಕಷ್ಟ. ಮಧ್ಯಾಹ್ನ ಕರೆ ಬಂದು ಸಂಜೆ ಬೇರೆ ಊರಿನಲ್ಲಿ ನುಡಿಸಬೇಕಾದ ಸಂದರ್ಭಗಳೇ ಹೆಚ್ಚು. ಅಂಥ ಓಡಾಟ ನಿಮಗೆ ಸದ್ಯಕ್ಕೆ ಬೇಡ. ಭರತನಾಟ್ಯದ ಹಿಮ್ಮೇಳವನ್ನು ಯೋಚಿಸಿ: ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ, ಪೂರ್ವಾಭ್ಯಾಸಕ್ಕೂ ಸಂಭಾವನೆ ಕೇಳಬಹುದು. ಆಕಾಶವಾಣಿಯ ಧ್ವನಿಪರೀಕ್ಷೆಗೆ ಅರ್ಜಿ ಹಾಕಿ. ಬಿ ಶ್ರೇಣಿ ಸಿಕ್ಕರೂ ಸಾಕು, ಮುಂದೆ ಬಿ-ಹೈ, ಎ ಎಂದು ಏರಬಹುದು. ವ್ಯವಸ್ಥಾಪಕರು ಕಲಾವಿದರನ್ನು ಗುರುತಿಸುವುದು ಬಹಳ ಸಲ ಆ ಶ್ರೇಣಿಯಿಂದಲೇ. ನಾಲ್ಕೈದು ಶಿಷ್ಯರನ್ನು ಈಗಲೇ ತೆಗೆದುಕೊಳ್ಳಿ; ಆನ್‌ಲೈನ್ ಪಾಠಕ್ಕೆ ಹೊರದೇಶದ ಕನ್ನಡಿಗರ ಮಕ್ಕಳೂ ಸಿಗುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹಳೆಯ ವೀಡಿಯೊ ನೋಡುವಾಗ ಮೊದಲು ಅಳು ಬಂತು, ಆಮೇಲೆ ಅಳತೆ ಸಿಕ್ಕಿತು. ನೆಲದಿಂದ ಸುಮಾರು ಒಂಬತ್ತು ಸೆಂಟಿಮೀಟರ್. ನಮ್ಮ ಬೀದಿಯ ಬಡಗಿ ಹಲಸಿನ ಮರದ ತುಂಡೊಂದರಲ್ಲಿ ಆಸರೆ ಮಾಡಿಕೊಟ್ಟಿದ್ದಾರೆ. ನಾಲ್ಕು ದಿನಗಳಿಂದ ಜಂಟಿವರಸೆ ನುಡಿಸುತ್ತಿದ್ದೇನೆ. ಮಧ್ಯಸ್ಥಾಯಿಯಲ್ಲಿ ವಾದ್ಯ ಅಲುಗುತ್ತಿಲ್ಲ, ತಾರಷಡ್ಜದಿಂದ ಇಳಿಯುವಾಗ ಮಾತ್ರ ಸುರುಳಿ ತಗ್ಗಿನೊಳಗೇ ಸ್ವಲ್ಪ ತಿರುಗುತ್ತದೆ. ತಗ್ಗಿಗೆ ಮೆತ್ತನೆಯ ಬಟ್ಟೆ ಹಾಕಿದ್ದೇನೆ. ಅದರ ಬದಲು ಚರ್ಮ ಹಾಕಿದರೆ ಹಿಡಿತ ಹೆಚ್ಚಾಗಬಹುದೇ?

ಉತ್ತರ: ಪಿಟೀಲು ಶಿಕ್ಷಕಿ, ಮೈಸೂರು

ಚರ್ಮವನ್ನೇ ಹಾಕಿ, ಒರಟು ಬದಿ ಮೇಲೆ ಬರಲಿ. ತಗ್ಗನ್ನು ಇನ್ನೂ ಅರ್ಧ ಬೆರಳು ಆಳ ಮಾಡಿಸಿ, ಆದರೆ ತಂತಿ ಬಿಗಿಸುವ ಬಿರಡೆಗಳಿಗೆ ಮರ ತಾಗದಂತೆ ನೋಡಿಕೊಳ್ಳಿ. ಮುಂದಿನ ವಾರ ಒಂದು ವರ್ಣವನ್ನು ಮುದ್ರಿಸಿ ಕಳುಹಿಸಿ, ಕೇಳಿ ಹೇಳುತ್ತೇನೆ.