ಬೀಜ, ಎಣ್ಣಿ ಕಂಪನಿಯ ಸೇಲ್ಸ್ ಕೆಲಸ ಹೇಗಿರುತ್ತೆ? ಕೇಳಿ, ಹೇಳುತ್ತೇನೆ

ನಮಸ್ಕಾರ. ಬೀಜ ಮತ್ತು ಕೀಟನಾಶಕ ಕಂಪನಿಗಳ ಸೇಲ್ಸ್‌ನಲ್ಲಿ ನನಗೆ 11 ವರ್ಷ ಆಯಿತು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೆಸರು, ನಾನೂ ಹಾಗೇ ಬರೆಯುತ್ತೇನೆ. ಮೊದಲು ಶಿರಹಟ್ಟಿ, ಮುಂಡರಗಿ ಕಡೆ ಫೀಲ್ಡ್ ಆಫೀಸರ್ ಆಗಿದ್ದೆ, ಈಗ ಹಾವೇರಿ ಜಿಲ್ಲೆ ಪೂರ್ತಿ ನನ್ನ ತಲೆ ಮೇಲೆ. ಅಗ್ರಿ ಓದಿದ ಹುಡುಗರು ಒಬ್ಬೊಬ್ಬರೇ ಇನ್‌ಬಾಕ್ಸ್‌ಗೆ ಬಂದು ಕೇಳುವ ಬದಲು ಇಲ್ಲೇ ಕೇಳಿ. ಕಂಪನಿ ಹೆಸರು ಮಾತ್ರ ಕೇಳಬೇಡಿ, ಅನ್ನ ಇನ್ನೂ ಅಲ್ಲೇ ಇದೆ.

ಪ್ರಶ್ನೆ (ಧಾರವಾಡ ಕೃಷಿ ವಿವಿ, ಕೊನೆಯ ವರ್ಷ): ಸರ್, ಫೀಲ್ಡ್ ಆಫೀಸರ್ ಅಂತ ಆಫರ್ ಬಂದಿದೆ. ಟಾರ್ಗೆಟ್ ಪ್ರೆಷರ್ ಭಾಳ ಅಂತ ಸೀನಿಯರ್‌ಗಳು ಹೆದರಿಸ್ತಾರೆ. ನಿಜಕ್ಕೂ ಹೇಗಿರುತ್ತೆ?

ಉತ್ತರ: ತಮ್ಮಾ, ಮೊದಲು ಒಂದು ತಿಳಿದುಕೋ. ನಾವು ಮಾರುವುದು ರೈತರಿಗಲ್ಲ, ಅಂಗಡಿಯವರಿಗೆ. ಹುಬ್ಬಳ್ಳಿ ಡಿಪೋದಿಂದ ಮಾಲು ಹೊರಟು ಡೀಲರ್ ಗೋದಾಮಿಗೆ ಬಿತ್ತು ಅಂದರೆ ಕಂಪನಿ ಲೆಕ್ಕದಲ್ಲಿ ಸೇಲ್ ಆಯಿತು. ಇದಕ್ಕೆ ಪ್ಲೇಸ್‌ಮೆಂಟ್ ಅಂತಾರೆ, ನಿನ್ನ ಕ್ಯಾಂಪಸ್ ಪ್ಲೇಸ್‌ಮೆಂಟ್ ಅಲ್ಲ. ರೈತ ಅದನ್ನು ಕೊಂಡನೋ ಇಲ್ಲವೋ ಅನ್ನುವುದು ಲಿಕ್ವಿಡೇಶನ್, ಆಮೇಲಿನ ಮಾತು. ದುಡ್ಡು ವಾಪಸ್ ಬರುವುದು ಕಲೆಕ್ಷನ್, ಅದು ಇನ್ನೂ ಆಮೇಲಿನ ಮಾತು. ಈ ಮೂರರ ನಡುವಿನ ಸಂದಿಯಲ್ಲೇ ನಮ್ಮ ಜೀವ ಹೋಗುವುದು.

ಒಂದು ಮಾರ್ಚ್ 31ರ ಕಥೆ ಹೇಳುತ್ತೇನೆ. ರಾಣೆಬೆನ್ನೂರಿನ ಒಂದು ಅಂಗಡಿ, ರಾತ್ರಿ ಎಂಟೂವರೆ. ಸಾಹುಕಾರರು ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ ಆಗಿತ್ತು. ನನಗೆ ಇನ್ನೂ 4 ಲಕ್ಷದ ಬಿಲ್ ಬೇಕಿತ್ತು, ಮ್ಯಾನೇಜರ್ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ ಏನೂ ಮಾತಾಡದೆ ಬರೀ "ಆಯ್ತಾ?" ಅಂತ ಕೇಳಿ ಇಡುತ್ತಿದ್ದರು. ಸಾಹುಕಾರರು ನನ್ನ ಮುಖ ನೋಡಿ ಚಹಾ ತರಿಸಿದರು. "ಬಿಲ್ ಮಾಡ್ಕೊ ತಮ್ಮಾ. ಆದ್ರ ಜುಲೈದಾಗ ಮಾಲು ಹಂಗ ಉಳಿದ್ರ ನೀನ ಬಂದು ಎತ್ಕೊಂಡು ಹೋಗಬೇಕು. ಕೈಮ್ಯಾಲೆ ಕೈ ಇಡು." ಇಟ್ಟೆ. ಏನು ಮಾಡಲಿ?

40 ಬಾಕ್ಸ್ ಹೋಗಿದ್ದವು. ಜುಲೈನಲ್ಲಿ ನೋಡಿದರೆ 31 ಹಾಗೇ ಇವೆ. ಮೇಲಿನ ಬಾಕ್ಸ್‌ನ ಧೂಳಿನಲ್ಲಿ ಅವರ ಮೊಮ್ಮಗಳು ಬೆರಳಿನಿಂದ ಅ ಆ ಇ ಈ ಬರೆದಿದ್ದಳು. ವಾಪಸ್ ತಗೊಳ್ಳಿ ಅಂತ ಮೇಲೆ ಕೇಳಿದರೆ ರಿಟರ್ನ್ ಪಾಲಿಸಿ ಇಲ್ಲ ಅಂದರು. ಎರಡು ವಾರ ಆ ಅಂಗಡಿ ಇರುವ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡಿದೆ. ಆಮೇಲೆ ನಾಚಿಕೆ ಬಿಟ್ಟು ಹೋಗಿ, ಬೈಕಿಗೆ ಎರಡೆರಡು ಬಾಕ್ಸ್ ಕಟ್ಟಿಕೊಂಡು ಹಳ್ಳಿ ಅಂಗಡಿಗಳಿಗೆ ಹಂಚಿದೆ.

ಬೀಜ ಆದರೆ ಇನ್ನೂ ಕಷ್ಟ. ಮೊಳಕೆ ಪರೀಕ್ಷೆ ಮಾಡಿದ ದಿನದಿಂದ 9 ತಿಂಗಳಷ್ಟೇ ಅದರ ವ್ಯಾಲಿಡಿಟಿ. ರೋಹಿಣಿ ಮಳೆ ಬಿದ್ದರೆ ನಮ್ಮ ಫೋನ್ ಬಿಸಿ, ಮಿರಗ (ಮೃಗಶಿರಾ) ಮಳೆ ಕೈಕೊಟ್ಟರೆ ಗೋವಿನಜೋಳದ ಚೀಲ ಗೋದಾಮಿನಲ್ಲೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಬಂದಿದೆ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಟಾರ್ಗೆಟ್ ಶೀಟಿಗೆ ಮಾತ್ರ ಬರ ಬರಲಿಲ್ಲ.

ಪ್ರಶ್ನೆ (ಶಿಗ್ಗಾವಿ): ಸಂಬಳ ಎಷ್ಟು ಅಣ್ಣಾ, ಅದನ್ನ ಹೇಳು ಮೊದಲು.

ಉತ್ತರ: 2014ರಲ್ಲಿ ನಾನು ಸೇರಿದಾಗ ಕೈಗೆ 14,000. ಈಗಿನದು ಕಂಪನಿ ಮೇಲೆ ಹೋಗುತ್ತದೆ. ಇನ್ಸೆಂಟಿವ್ ಇದೆ, ಆದರೆ ಕಲೆಕ್ಷನ್ ಪೂರ್ತಿ ಆದರೆ ಮಾತ್ರ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದು ಬೈಕ್ ಸಾಲ ಮಾಡಬೇಡ.

ಪ್ರಶ್ನೆ (ಗದಗ): ನಮ್ಮ ಮನೆಯವರೂ ಇದೇ ಕೆಲಸದಲ್ಲಿದ್ದಾರೆ. ಸೀಸನ್ ಬಂತು ಅಂದರೆ ಊಟಕ್ಕೆ ಕೂತಾಗಲೂ ಫೋನು. ಏನು ಕೇಳಿದರೂ ಸಿಡುಕು. ನಾವು ಹೇಗೆ ಇರಬೇಕು ಹೇಳಿ.

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಹೆಂಡತಿಯೂ ಇದನ್ನೇ ಕೇಳಬೇಕಿತ್ತು, ಕೇಳಲಿಲ್ಲ. ಸಂಜೆ ಏಳಕ್ಕೆ ಕಾನ್ಫರೆನ್ಸ್ ಕಾಲ್ ಅಂತ ಇರುತ್ತದೆ. ನಲವತ್ತು ಜನ ಕೇಳುತ್ತಿರುವಾಗ ಒಬ್ಬೊಬ್ಬರ ಹೆಸರು ಹಿಡಿದು ನಂಬರ್ ಕೇಳುತ್ತಾರೆ. ಕಡಿಮೆ ಇದ್ದವನಿಗೆ ಅಲ್ಲೇ ಪೂಜೆ. ಅದನ್ನು ರಸ್ತೆ ಪಕ್ಕ ಬೈಕ್ ನಿಲ್ಲಿಸಿ, ಹೆಲ್ಮೆಟ್ ಒಳಗೇ ಫೋನ್ ತುರುಕಿಕೊಂಡು ಕೇಳಿಸಿಕೊಂಡು ಮನೆಗೆ ಬಂದಿರುತ್ತಾನೆ. ಬಾಗಿಲಲ್ಲಿ ಯಾರಾದರೂ "ಯಾಕಿಷ್ಟು ಲೇಟು" ಅಂದರೆ ಅದು ಎರಡನೇ ಕಾನ್ಫರೆನ್ಸ್ ಕಾಲ್ ಥರ ಕೇಳಿಸುತ್ತದೆ. ತಪ್ಪು ನಿಮ್ಮದಲ್ಲ. ಸಿಡುಕುವುದು ಸರಿ ಅಂತಲೂ ಹೇಳುತ್ತಿಲ್ಲ.

ಒಂದನ್ನು ಮಾತ್ರ ಸಮಾಧಾನದಲ್ಲಿ ಕೇಳಿ ನೋಡಿ. ಕಲೆಕ್ಷನ್ ತುಂಬಿಸಲು ಸ್ವಂತ ರೊಕ್ಕ ಹಾಕಿದ್ದಾರಾ? ತಿಂಗಳ ಕೊನೆಗೆ ಡೀಲರ್ "ಮುಂದಿನ ವಾರ ಕೊಡ್ತೀನಿ" ಅಂದಾಗ ಹುಡುಗರು ತಮ್ಮ ದುಡ್ಡು ಕಟ್ಟಿ ಲೆಕ್ಕ ಮುಗಿಸಿಬಿಡುತ್ತಾರೆ. ನಾನೂ ಒಮ್ಮೆ ಬಂಗಾರ ಅಡವಿಟ್ಟು ಕಟ್ಟಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಸಿಡುಕಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಪ್ರಶ್ನೆ (ಬ್ಯಾಡಗಿ ತಾಲ್ಲೂಕು, ರೈತ): ನಿಮ್ಮ ಕಷ್ಟ ಕೇಳಿದ್ವಿ. ನಿಮ್ಮ ಟಾರ್ಗೆಟ್‌ಗೋಸ್ಕರ ನಮಗೆ ಬೇಡದ ಎಣ್ಣಿ ಹೊಡಿಸ್ತೀರಲ್ಲ, ಅದನ್ನೂ ಸ್ವಲ್ಪ ಹೇಳ್ರಿ.

ಉತ್ತರ: ಹೊಡೆಸಿದ್ದೇನೆ ರೀ. ಸುಳ್ಳು ಯಾಕೆ ಹೇಳಲಿ. 2021ರ ಕೊನೆಗೆ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಹುಳ ಬಿತ್ತಲ್ಲ, ಆಂಧ್ರ, ತೆಲಂಗಾಣದಲ್ಲಂತೂ ಹೊಲಕ್ಕೆ ಹೊಲವೇ ಹೋದವು. ಆಗ ನಮ್ಮಲ್ಲಿ ಎರಡು ಪ್ರಾಡಕ್ಟ್ ಜೋಡಿ ಮಾರಿದರೆ ಸ್ಕೀಮ್ ಇತ್ತು. ಎರಡನ್ನೂ ಒಂದೇ ಟ್ಯಾಂಕಿಗೆ ಹಾಕಿ ಅಂತ ಒಬ್ಬ ರೈತ ಅಜ್ಜನಿಗೆ ನಾನೇ ಹೇಳಿದ್ದೆ. ಮೂರು ದಿನ ಬಿಟ್ಟು ಹೋದರೆ ಆ ಅಜ್ಜ ಒಂದು ಹೂವು ಕಿತ್ತು, ಅಂಗೈ ಮೇಲೆ ಮೆಲ್ಲಗೆ ಬಡಿದು ತೋರಿಸಿದರು. ಎಳ್ಳಿಗಿಂತ ಸಣ್ಣ ಕರಿ ಹುಳ, ಗೆರೆ ಹಿಡಿದು ಓಡುತ್ತಿವೆ. "ಸಾಹೇಬ್ರ, ಇವು ಸತ್ತಿಲ್ಲ ನೋಡ್ರಿ, ಜಳಕಾ ಮಾಡ್ಯಾವ" ಅಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಂದಿನಿಂದ ಲೇಬಲ್ ಮೇಲೆ ಆ ಬೆಳೆ, ಆ ಹುಳ ಇಲ್ಲದಿದ್ದರೆ ನಾನು ಹೇಳುವುದಿಲ್ಲ. ಟಾರ್ಗೆಟ್ ಕಡಿಮೆ ಆಗಿದೆ, ಹೌದು. ಗೋವಿನಜೋಳದ ಸೈನಿಕ ಹುಳಕ್ಕೂ ಅಷ್ಟೇ. ಮರಿ ಸಣ್ಣದಿದ್ದಾಗ ಸುಳಿಯೊಳಗೆ ಬೀಳುವಂತೆ ಹೊಡೆದರೆ ಕೆಲಸ ಆಗುತ್ತದೆ. ಹುಳ ಬಲಿತು ಸುಳಿ ತುಂಬ ಹಿಕ್ಕೆ ಕಟ್ಟಿದ ಮೇಲೆ ಎಷ್ಟು ದುಬಾರಿ ಬಾಟಲಿ ತಂದರೂ ರೊಕ್ಕ ಮಣ್ಣಿಗೆ. ಆಗ ಯಾವ ಹುಡುಗ ಬಂದು "ಗ್ಯಾರಂಟಿ" ಅಂದರೂ ನಂಬಬೇಡಿ. ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ ತಗೊಳ್ಳಿ. ಬೀಜದ ಖಾಲಿ ಪಾಕೀಟು, ಅದರ ಟ್ಯಾಗ್ ಬಿಸಾಡಬೇಡಿ. ನಾಳೆ ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಬೇಕಾದರೆ ಅದೇ ಬೇಕು.

ಪ್ರಶ್ನೆ (ಅಂಗಡಿ ಇಟ್ಟವರು, ಲಕ್ಷ್ಮೇಶ್ವರ): ವರ್ಷಕ್ಕೊಬ್ಬ ಹುಡುಗ ಬದಲಾಗ್ತಾನೆ. ಹಳಬ ಹೇಳಿ ಹೋದ ಸ್ಕೀಮು ಹೊಸಬನಿಗೆ ಗೊತ್ತೇ ಇರೋದಿಲ್ಲ.

ಉತ್ತರ: ಬಾಯಿಮಾತಿನ ಸ್ಕೀಮ್‌ಗೆ ಬಿಲ್ ಮಾಡಿಸಿಕೊಳ್ಳಲೇಬೇಡಿ ಅಣ್ಣಾರೆ. ಕಂಪನಿ ಮೇಲ್‌ನಿಂದ ಬರಲಿ, ಆಮೇಲೆ ಮಾಲು ಇಳಿಸಿಕೊಳ್ಳಿ. ಹಾಗೇ ನಿಮಗೂ ಒಂದು ಮಾತು, ಸಿಟ್ಟಾಗಬೇಡಿ: ಚೆಕ್ ಕೇಳಲು ಬಂದ ಹುಡುಗನನ್ನು ಮೂರು ತಾಸು ಕೂರಿಸಿ "ನಾಳೆ ಬಾ" ಅನ್ನುವ ಬದಲು ಮೊದಲೇ ಹೇಳಿಬಿಡಿ. ಅವನು ಅಷ್ಟರಲ್ಲಿ ಇನ್ನೆರಡು ಊರು ಮಾಡಿಕೊಳ್ಳುತ್ತಾನೆ.

ಪ್ರಶ್ನೆ (ಧಾರವಾಡದ ಅದೇ ವಿದ್ಯಾರ್ಥಿ): ಹಾಗಾದರೆ ಸೇರಲಾ, ಬೇಡವಾ ಸರ್?

ಉತ್ತರ: ಸೇರು. ಎರಡು ವರ್ಷ ಮಾಡಿದರೆ ನಾಲ್ಕು ವರ್ಷದ ಕಾಲೇಜಿನಲ್ಲಿ ಸಿಗದ ಹೊಲ ನೋಡುತ್ತೀಯ, ಅದಂತೂ ಖರೇ. ಆದರೆ ಸಹಿ ಹಾಕುವ ಮೊದಲು ಆ ಏರಿಯಾದಲ್ಲಿ ಹಿಂದೆ ಇದ್ದವನ ನಂಬರ್ ಹುಡುಕಿ ಮಾತಾಡು, ಯಾಕೆ ಬಿಟ್ಟ, ಡೀಲರ್‌ಗಳ ಹತ್ತಿರ ಎಷ್ಟು ಬಾಕಿ ಬಿಟ್ಟು ಹೋಗಿದ್ದಾನೆ ಅಂತ. ಆ ಬಾಕಿ ನಾಳೆ ನಿನ್ನ ಹೆಸರಿಗೆ ಬರುತ್ತದೆ, ಅವನ ಹೆಸರಿಗಲ್ಲ. ಟಾರ್ಗೆಟ್ ಪ್ಲೇಸ್‌ಮೆಂಟ್ ಮೇಲೋ ಲಿಕ್ವಿಡೇಶನ್ ಮೇಲೋ ಅಂತ ಇಂಟರ್‌ವ್ಯೂನಲ್ಲೇ ಕೇಳು. ಕೇಳಿದ ತಕ್ಷಣ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಉತ್ತರ ಸಿಕ್ಕಿತು ಅಂತ ತಿಳಿ.

ಪ್ರಶ್ನೆ (ಶಿಗ್ಗಾವಿ): ಅಣ್ಣಾ, ಆ ರಾಣೆಬೆನ್ನೂರು ಸಾಹುಕಾರರು ಈಗ ಮಾತಾಡಿಸ್ತಾರಾ?

ಉತ್ತರ: ಮಾತಾಡಿಸ್ತಾರೆ, ಚಹಾನೂ ಕುಡಿಸ್ತಾರೆ. ಕೊನೆಯ ಬಾಕ್ಸ್ ಸೆಪ್ಟೆಂಬರ್‌ನಲ್ಲಿ ಖಾಲಿ ಆಯಿತು. ಆದರೆ ಅಂದಿನಿಂದ ಪ್ರತಿ ಮಾರ್ಚ್ 31ಕ್ಕೆ ಅವರ ಅಂಗಡಿ ಮಧ್ಯಾಹ್ನವೇ ಬಂದ್.