ನೆರಳಲ್ಲಿ ಕೇಪಳದ ಬೇಲಿ ಹಳದಿ ಆಗ್ತಿದೆ, ಬೇರೆ ಯಾವ ನಾಡಗಿಡ ಹಾಕಲಿ?

ಹಿತ್ತಲಮೂಲೆ: ಕಾಂಪೌಂಡ್ ಪಕ್ಕ 30 ಅಡಿ ಉದ್ದಕ್ಕೆ ಕೇಪಳ ಹಾಕಿ ಎಂಟು ತಿಂಗಳಾಯ್ತು. ಎಲೆ ಹಳದಿ, ಹೂವಿಲ್ಲ, ಮೊಣಕಾಲೆತ್ತರಕ್ಕೂ ಬಂದಿಲ್ಲ. ಗೊಬ್ಬರ, ನೀರು ಎಲ್ಲ ಸರಿಯಾಗೇ ಕೊಡ್ತಿದೀನಿ. ಸಾಕಾಗಿದೆ, ಕಿತ್ತು ಹಾಕ್ತೀನಿ. ನೆರಳಿಗೆ ಬರೋ ನಮ್ಮ ಕಡೆ ಗಿಡ ಹೇಳಿ. ಡುರಾಂಟಾ ಬೇಡ.

ಕೆಮ್ಮಣ್ಣು: ನೀರು ಜಾಸ್ತಿ ಆಗಿದೆ. ನೆರಳಲ್ಲಿ ಮಣ್ಣು ಬೇಗ ಆರಲ್ಲ, ಬೇರು ಕೊಳೆಯುತ್ತೆ. ಬೆರಳು ಎರಡಿಂಚು ಇಳಿಸಿ, ತೇವ ಇದ್ದರೆ ನೀರು ಬಿಡಬೇಡಿ.

ಹಿತ್ತಲಮೂಲೆ: ವಾರಕ್ಕೆ ಎರಡೇ ಸಲ. ಆರಿರುತ್ತೆ.

ಕೆಮ್ಮಣ್ಣು: ಆದ್ರೂ ನೀರೇ. ಒಂದು ಗಿಡ ಕಿತ್ತು ನೋಡಿ. ಬೇರು ಕಂದಾಗಿ ಸಿಪ್ಪೆ ಜಾರಿದರೆ ಕೊಳೆತಿದೆ ಅಂತಲೇ.

ಬೇಲಿಸಾಲು: ಹಳದಿ ಆಗಿರೋದು ಕುಡಿ ಎಲೆಯೋ ಬುಡದ್ದೋ? ನರ ಹಸಿರಿದೆಯಾ? ನೆರಳು ಗೋಡೆಯದ್ದೋ ಮರದ್ದೋ? ನೀರು ಎಲ್ಲಿಯದು?

ಹಿತ್ತಲಮೂಲೆ: ಕುಡಿ ಎಲೆ, ನರ ಮಾತ್ರ ಹಸಿರು. ಬೇರು ಬೆಳ್ಳಗಿದೆ. ಬೆಂಗಳೂರು, ಮನೆಯ ಉತ್ತರಕ್ಕೆ. ಬೋರ್‌ವೆಲ್ ನೀರು, ಬಕೆಟ್‌ನಲ್ಲಿ ಬಿಳಿ ಪದರ ಕಟ್ಟುತ್ತೆ. ಮನೆ ಕಟ್ಟಿದ್ದು ಹೋದ ವರ್ಷ.

ಬೇಲಿಸಾಲು: ಇದನ್ನ ಮೊದಲೇ ಹೇಳಬೇಕಿತ್ತು. ಇದು ಕಬ್ಬಿಣದ ಕೊರತೆ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟ್ ಪುಡಿ, ಗಡಸು ನೀರು ಸೇರಿದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಗೋಡೆ ಬುಡದ ಒಣ ಮಣ್ಣು ಒಂದು ಚಮಚ ತಗೊಂಡು ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣ ಇದೆ. ಸದ್ಯಕ್ಕೆ ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಸಿಡ್ 1 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಗೋಡೆಗೆ ತಾಗಿದರೆ ತುಕ್ಕಿನ ಕಲೆ ಹೋಗಲ್ಲ. ಹೂವಿಗೆ ಮಾತ್ರ ನಾಲ್ಕು ಗಂಟೆಯಾದರೂ ಬಿಸಿಲು ಬೇಕು, ಔಷಧಿಯಿಂದ ಬರಲ್ಲ.

ಕಾನುಬದಿ: ಅದು ಕೇಪಳವೇ ಹೌದಾ? ಇಕ್ಸೋರಾ ಅಂದರೆ ಕೇಪಳದ ಕುಲವೇ, ಆದರೆ ನರ್ಸರಿಯಲ್ಲಿ ಕೊಡೋ ಕುಳ್ಳ ಇಕ್ಸೋರಾ ಎಷ್ಟೋ ಸಲ ಚೀನಾ ಕಡೆಯದು. ನಮ್ಮ ಕೇಪಳದ ಎಲೆಗೆ ತೊಟ್ಟೇ ಇಲ್ಲದಂತೆ ಬುಡ ಕಾಂಡಕ್ಕೆ ಅಂಟಿಕೊಂಡಿರುತ್ತೆ.

ಕೆಮ್ಮಣ್ಣು: ಯಾವ ಊರಿನದಾದರೇನು, ಸುಣ್ಣದಲ್ಲಿ ಎರಡೂ ಹಳದಿಯೇ.

ಕಾನುಬದಿ: ನಾಡಗಿಡ ಬೇಕು ಅಂದಿದ್ದು ಅವರು. ಆಡುಸೋಗೆ ಹಾಕಿ. ಮಳೆಗಾಲ ಶುರುವಲ್ಲಿ ಪೆನ್ಸಿಲ್ ದಪ್ಪದ, ಮೂರು ಗೆಣ್ಣಿನ ಕಡ್ಡಿ, ಎರಡು ಗೆಣ್ಣು ಮಣ್ಣೊಳಗೆ, ಒಂದೂವರೆ ಅಡಿ ಅಂತರ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದರ ಕಹಿಗೆ ಅದೂ ಹಿಂದೆ ಸರಿಯುತ್ತೆ.

ಬೇಲಿಸಾಲು: ಬೆಳೆಯುತ್ತೆ, ಆದರೆ ನೆರಳಲ್ಲಿ ಬುಡ ಬೋಳಾಗುತ್ತೆ. ಒಂದಡಿ ಎತ್ತರಕ್ಕೇ ಮೊದಲ ಸಲ ಚಿವುಟಿ. ಬುಡ ಅಗಲ, ತಲೆ ಕಿರಿದು ಇರೋ ಹಾಗೆ ಕತ್ತರಿಸಿ. ನಾನಾದರೆ ಕಾಮಿನಿ (ಕರಿಬೇವಿನ ಬಳಗದ ಬಿಳಿ ಹೂವಿನ ಗಿಡ) ಹಾಕ್ತೀನಿ: ನಿಧಾನ, ಆದರೆ ಬುಡದಿಂದಲೇ ಒತ್ತಾಗಿ ಬರುತ್ತೆ.

ಹಿತ್ತಲಮೂಲೆ: ವಿನೆಗರ್ ಹಾಕಿದೆ. ಗೋಡೆ ಬುಡದ್ದು ಬುಸ್ಸಂತ ನೊರೆ ಬಂತು, ಎರಡಡಿ ಆಚೆಯ ಕೆಂಪು ಮಣ್ಣಲ್ಲಿ ಏನೂ ಇಲ್ಲ. ಸಾಲನ್ನೇ ಈಚೆ ತಂದರೆ ಆಗುತ್ತಾ?

ಬೇಲಿಸಾಲು: ಆಗುತ್ತೆ, ಗೋಡೆ ಬುಡದ ಸುಣ್ಣದ ಮಣ್ಣು ಅಗೆದು ಬದಲಿಸೋ ಖರ್ಚೂ ಉಳಿಯಿತು. ಬೇರಿನ ಮುದ್ದೆ ಒಡೆಯದೆ ಮೋಡದ ದಿನ ಎತ್ತಿ ನೆಡಿ. ಚಾವಣಿಯ ಮಳೆನೀರಿನ ಪೈಪನ್ನು ಆ ಸಾಲಿಗೇ ತಿರುಗಿಸಿ.